ಬಸ್ ಪ್ರಯಾಣದಲ್ಲಿ ಬಾಯಾರಿಕೆ ತಡೆಯುವುದು ಸಬ್ರ್ ಅಲ್ಲ

ಕುಣಿಗಲ್ ತಾಲೂಕಿನ ಯಡಿಯೂರು ಬೆಂಗಳೂರು-ಮಂಗಳೂರು ಹೆದ್ದಾರಿ 75ರಲ್ಲಿದೆ. ಕುಣಿಗಲ್‌ನಿಂದ ಸುಮಾರು 20 ಕಿ.ಮೀ. ದೂರ. ಸಿದ್ಧಲಿಂಗೇಶ್ವರರ ಕ್ಷೇತ್ರವಾದ್ದರಿಂದ ಯಾತ್ರಿಕರ ಓಡಾಟವೂ ಹೆಚ್ಚು. ಸುತ್ತಲಿನ ಹಳ್ಳಿಗಳ ನಮ್ಮ ಕುಟುಂಬಗಳೂ ಈ ದಾರಿಯ ಬಸ್ಸುಗಳನ್ನೇ ನಂಬಿವೆ. ಹೆರಿಗೆ ತಪಾಸಣೆಗೆ ಕುಣಿಗಲ್‌ಗೆ, ದೊಡ್ಡ ಕಾಯಿಲೆಗೆ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆಗೆ ಅಥವಾ ಬೆಂಗಳೂರಿಗೆ, ಮಕ್ಕಳ ಕಾಲೇಜಿಗೆ ತುಮಕೂರಿಗೆ, ಮದುವೆಗೆ ಹಾಸನಕ್ಕೆ, ಹೀಗೆ ವರ್ಷವಿಡೀ ಪ್ರಯಾಣ ಇದ್ದೇ ಇರುತ್ತದೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಮಹಿಳೆಯರಿಗೆ ಸರಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟಿನ ಖರ್ಚು ತಪ್ಪಿದೆ. ಆಧಾರ್‌ನಂಥ ಗುರುತಿನ ಚೀಟಿ ತೋರಿಸಿದರೆ ಸಾಕು. ಆದರೆ ಬಸ್ ಹತ್ತುವ ಹೆಣ್ಣುಮಕ್ಕಳಲ್ಲಿ ಒಂದು ಹಳೆಯ ಅಭ್ಯಾಸ ಇನ್ನೂ ಹೋಗಿಲ್ಲ. ದಾರಿಯಲ್ಲಿ ಶೌಚಾಲಯ ಸಿಗುತ್ತದೋ ಇಲ್ಲವೋ ಎಂದು ಬೆಳಗ್ಗೆಯಿಂದಲೇ ನೀರು ಕುಡಿಯುವುದನ್ನು ಬಿಡುವುದು, ಮೂತ್ರ ಬಂದರೂ ಮನೆ ಸೇರುವವರೆಗೆ ತಡೆದುಕೊಳ್ಳುವುದು. ಇದನ್ನು ಕೆಲವರು ಸಬ್ರ್ ಎಂದೂ, ಲಜ್ಜೆ ಎಂದೂ ಭಾವಿಸುತ್ತಾರೆ. ನಿಜವಾಗಿ ಇದು ದೇಹಕ್ಕೆ ಮಾಡುವ ಅನ್ಯಾಯ.

ತಡೆದರೆ ಏನಾಗುತ್ತದೆ?

ಮೂತ್ರಕೋಶ ಸಾಮಾನ್ಯವಾಗಿ 400ರಿಂದ 500 ಮಿ.ಲೀ. ಹಿಡಿಯುತ್ತದೆ. ಮೂತ್ರ ಹೊರಗೆ ಹರಿಯುವಾಗ ನಾಳದಲ್ಲಿರುವ ರೋಗಾಣುಗಳೂ ತೊಳೆದುಹೋಗುತ್ತವೆ. ನೀರು ಕುಡಿಯದೆ ಗಂಟೆಗಟ್ಟಲೆ ತಡೆದರೆ ಅವು ಒಳಗೇ ಬೆಳೆಯುತ್ತವೆ. ಗಂಡಸರ ಮೂತ್ರನಾಳ ಸುಮಾರು 20 ಸೆಂ.ಮೀ. ಇದ್ದರೆ ಹೆಂಗಸರದು ಸುಮಾರು 4 ಸೆಂ.ಮೀ. ಮಾತ್ರ. ಆದ್ದರಿಂದಲೇ ಅವರಿಗೆ ಸೋಂಕು ಬೇಗ ತಗಲುತ್ತದೆ. ಉರಿಮೂತ್ರ, ಪದೇ ಪದೇ ಹೋಗಬೇಕೆನಿಸುವುದು, ಕೆಳಹೊಟ್ಟೆ ನೋವು ಇದರ ಲಕ್ಷಣಗಳು. ಚಳಿಜ್ವರ, ಬೆನ್ನಿನ ಪಕ್ಕೆ ನೋವು, ಮೂತ್ರದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಗರ್ಭಿಣಿಯರಲ್ಲಿ ಈ ಸೋಂಕು ಅವಧಿಗೆ ಮುಂಚಿನ ಹೆರಿಗೆಗೂ ಕಾರಣವಾಗಬಹುದು. ಸಕ್ಕರೆ ಕಾಯಿಲೆಯವರಿಗೂ ಮೂತ್ರದಲ್ಲಿ ಕಲ್ಲು ಇರುವವರಿಗೂ ನೀರು ಬಿಡುವುದು ಇನ್ನಷ್ಟು ಅಪಾಯ.

ಮಲಮೂತ್ರ ತಡೆದುಕೊಂಡು ನಮಾಝ್‌ಗೆ ನಿಲ್ಲಬಾರದೆಂದು ಪ್ರವಾದಿ(ಸ) ಕಲಿಸಿದ್ದಾರೆ. ಅಲ್ಲಾಹನ ಮುಂದೆ ನಿಲ್ಲುವುದಕ್ಕೂ ಮೊದಲು ದೇಹದ ಈ ಅಗತ್ಯ ಪೂರೈಸಿಕೊಳ್ಳಿ ಎನ್ನುವ ಧರ್ಮ, ಬಸ್ಸಿನಲ್ಲಿ ನಾಚಿಕೆಯಿಂದ ಅದನ್ನು ತಡೆಯಿರಿ ಎನ್ನುವುದೇ?

ಹೊರಡುವ ಮುನ್ನ

ದಾರಿಯಲ್ಲಿ ಎಲ್ಲಿ ಇಳಿಯಬಹುದು ಎಂಬುದನ್ನು ಮನೆಯಲ್ಲೇ ನಿಶ್ಚಯಿಸಿಕೊಳ್ಳಿ. ಬಸ್ ಹತ್ತುವ ಮೊದಲು ಒಮ್ಮೆ ಹೋಗಿ ಬನ್ನಿ. ದೂರದ ಪ್ರಯಾಣವಾದರೆ ಕುಣಿಗಲ್‌ನಂಥ ತಾಲೂಕು ಕೇಂದ್ರದ ನಿಲ್ದಾಣದಲ್ಲಿ ಬಸ್ ಬದಲಿಸುವುದು ಒಳ್ಳೆಯದು. ಅರ್ಧ ಗಂಟೆ ತಡವಾದರೂ ಚಿಂತೆಯಿಲ್ಲ. ದೂರದ ಬಸ್ ಎಷ್ಟು ಹೊತ್ತಿಗೆ, ಎಲ್ಲಿ ನಿಲ್ಲುತ್ತದೆಂದು ಹತ್ತುವಾಗಲೇ ಕಂಡಕ್ಟರರನ್ನು ಕೇಳಿ. ತಾಯಿಯೋ ಹೆಂಡತಿಯೋ ಕೇಳಲು ಸಂಕೋಚಪಟ್ಟರೆ ಜೊತೆಗಿರುವ ಗಂಡಸರು ಕೇಳಬೇಕು. ಅದು ಅವರ ಜವಾಬ್ದಾರಿ. ತೀರಾ ವಯಸ್ಸಾದವರನ್ನು ಕರೆದೊಯ್ಯುವಾಗ ರೈಲಿನ ಸಮಯವನ್ನೂ ವಿಚಾರಿಸಿ. 2017ರಲ್ಲಿ ಪೂರ್ಣಗೊಂಡ ಬೆಂಗಳೂರು-ಹಾಸನ ರೈಲುಮಾರ್ಗ ಕುಣಿಗಲ್, ಯಡಿಯೂರಿನ ಮೇಲೆಯೇ ಹೋಗುತ್ತದೆ. ರೈಲಿನೊಳಗೇ ಶೌಚಾಲಯವಿರುತ್ತದೆ.

ಚೀಲದಲ್ಲಿ ಎರಡು ಬಾಟಲಿ ಇರಲಿ. ಒಂದು ಕುಡಿಯಲು, ಇನ್ನೊಂದು ಶೌಚಕ್ಕೆ. ಎರಡನ್ನೂ ಅದಲುಬದಲು ಮಾಡಬೇಡಿ, ಗುರುತಿಗೆ ಬಣ್ಣದ ದಾರ ಕಟ್ಟಿ. ನಿಲ್ದಾಣದ ನಲ್ಲಿಯಲ್ಲಿ ನೀರಿಲ್ಲದಿದ್ದರೂ ಆಗ ತೊಂದರೆಯಾಗದು. ಸಾಬೂನಿನ ತುಂಡು, ಚಿಕ್ಕ ಟವೆಲ್, ಶುಲ್ಕಕ್ಕೆ ಚಿಲ್ಲರೆ ಜೊತೆಗಿರಲಿ. ಹೆಣ್ಣುಮಕ್ಕಳು ಶೌಚದ ನಂತರ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು, ಹಿಂದಿನಿಂದ ಮುಂದಕ್ಕೆ ತೊಳೆದರೆ ಮಲದ ರೋಗಾಣು ಮೂತ್ರನಾಳ ಸೇರುತ್ತದೆ. ಮುಟ್ಟಿನ ದಿನಗಳಲ್ಲಿ ನಾಲ್ಕರಿಂದ ಆರು ಗಂಟೆಗೊಮ್ಮೆ ಪ್ಯಾಡ್ ಬದಲಿಸಿ, ಹಳೆಯದನ್ನು ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿ.

ಬಸ್ಸಿನ ಕಂಬಿ, ಕಿಟಕಿ, ಚಿಲ್ಲರೆ ನಾಣ್ಯ ಎಲ್ಲವನ್ನೂ ನೂರಾರು ಕೈಗಳು ಮುಟ್ಟಿರುತ್ತವೆ. ತಿನ್ನುವ ಮೊದಲು 20 ಸೆಕೆಂಡ್ ಸಾಬೂನಿನಿಂದ ಕೈ ತೊಳೆಯಿರಿ. ವುಝೂ ಇದ್ದರೂ ಸಾಬೂನು ಬೇಕೇ ಬೇಕು. ವುಝೂಗೆ ನೀರು ಸಾಲದೆಂಬ ಚಿಂತೆ ಬೇಡ. ಪ್ರವಾದಿ(ಸ) ಒಂದು ಮುದ್ದ್, ಅಂದರೆ ಮುಕ್ಕಾಲು ಲೀಟರಿಗೂ ಹೆಚ್ಚಿಲ್ಲದ ನೀರಿನಲ್ಲಿ ವುಝೂ ಮಾಡುತ್ತಿದ್ದರು.

ವಾಂತಿಯಾಗುವ ಮಕ್ಕಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ದೂರದ ರಸ್ತೆಯನ್ನು ನೋಡಲು ಹೇಳಿ, ಮೊಬೈಲ್ ಕೊಡಬೇಡಿ. ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ ಊಟ ತಪ್ಪಿಸಬಾರದು. ಬೆವರಿ ಕೈ ನಡುಗಿದರೆ ತಕ್ಷಣ ಬಾಯಿಗೆ ಹಾಕಲು ಸಕ್ಕರೆ ಅಥವಾ ಬೆಲ್ಲ ಜೇಬಿನಲ್ಲಿರಲಿ.

ಜಮಾಅತ್ ಏನು ಮಾಡಬಹುದು?

ಜನ ನಡೆಯುವ ದಾರಿಯಲ್ಲೂ, ನೆರಳಿನಲ್ಲೂ ಮಲಮೂತ್ರ ಮಾಡುವುದನ್ನು ಪ್ರವಾದಿ(ಸ) ಕಟ್ಟುನಿಟ್ಟಾಗಿ ತಡೆದಿದ್ದಾರೆ. ನಿಲ್ದಾಣದ ಹಿಂಗೋಡೆಯ ಬಳಿ ನಿಲ್ಲುವ ಗಂಡಸರು ಇದನ್ನು ನೆನಪಿಡಬೇಕು. ಅವರಿಗೆ ಗೋಡೆಯಾದರೂ ಸಿಗುತ್ತದೆ, ಹೆಂಗಸರಿಗೆ ಅದೂ ಇಲ್ಲ.

ಹೆದ್ದಾರಿ ಬದಿಯ, ಬಸ್ ನಿಲ್ದಾಣದ ಹತ್ತಿರದ ಮಸೀದಿಗಳಲ್ಲಿ ನೀರೂ ಶೌಚಾಲಯವೂ ಇರುತ್ತವೆ, ಆದರೆ ಹೆಚ್ಚಿನ ಕಡೆ ಅವು ಗಂಡಸರಿಗೆ ಮಾತ್ರ. ಹೊರಗಿನಿಂದಲೇ ಬಾಗಿಲು ಇರುವ, ಒಳಗೆ ಚಿಲಕ, ದೀಪ, ನಲ್ಲಿ ಇರುವ ಒಂದು ಕೋಣೆಯನ್ನು ಪ್ರಯಾಣಿಕ ಮಹಿಳೆಯರಿಗಾಗಿ ಬಿಟ್ಟರೆ ಅದಕ್ಕಿಂತ ಒಳ್ಳೆಯ ಸದಕಾ ಯಾವುದು? ಯಾವ ಧರ್ಮದವರೆಂದು ಕೇಳದೆ ಬೀಗದ ಕೈ ಕೊಡಬೇಕು. ನಿಲ್ದಾಣದ ಶೌಚಾಲಯಕ್ಕೆ ನೀರು, ಬೆಳಕು, ಶುಚಿ ಮಾಡುವವರ ಕೂಲಿ ಬೇಕೆಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕೂ ನಮಗಿದೆ. ಆ ಮಾತನ್ನು ಹೆಂಗಸರೇ ಎದ್ದು ನಿಂತು ಕೇಳಲಿ. ತೊಂದರೆ ಏನೆಂದು ಅವರಷ್ಟು ಸ್ಪಷ್ಟವಾಗಿ ಬೇರೆ ಯಾರೂ ಹೇಳಲಾರರು.