ಆತ್ಮರಕ್ಷಣೆಗೆ ಪಿಸ್ತೂಲ್ ಬೇಕೇ? ಮೊದಲು ಬೋರ್ ನೋಡಿ, ಬ್ರ್ಯಾಂಡ್ ಆಮೇಲೆ
ಸದಾ ಜೊತೆಗಿಟ್ಟುಕೊಳ್ಳಲು ಚಿಕ್ಕ ಪಿಸ್ತೂಲ್ ಕೊಳ್ಳುವ ಯೋಚನೆಯೇ? ತಿರುವನಂತಪುರಂನ ಪಟ್ಟಂ ಇರಲಿ, ಕೊಚ್ಚಿ ಅಥವಾ ಬೆಂಗಳೂರು ಇರಲಿ, 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಕಡ್ಡಾಯ.

ಅಮೆರಿಕದಲ್ಲಿ ಜನಪ್ರಿಯವಾಗಿರುವ 9 ಎಂಎಂ ಪಿಸ್ತೂಲ್ ಭಾರತದಲ್ಲಿ ನಿಷೇಧಿತ ಬೋರ್. ಅಕ್ರಮವಾಗಿ ಇಟ್ಟುಕೊಂಡರೆ 2019ರ ತಿದ್ದುಪಡಿ ಪ್ರಕಾರ 7ರಿಂದ 14 ವರ್ಷ ಜೈಲು. ಹೀಗಾಗಿ ನಾಗರಿಕರ ಸಾಮಾನ್ಯ ಆಯ್ಕೆ .32 ಬೋರ್. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಮಹಿಳೆಯರಿಗಾಗಿ ತಂದ 'ನಿರ್ಭೀಕ್' ರಿವಾಲ್ವರ್ ಸುಮಾರು 500 ಗ್ರಾಂ ತೂಗುತ್ತದೆ.

2016ರ ನಿಯಮಗಳಂತೆ ಸಾರ್ವಜನಿಕ ಸ್ಥಳದಲ್ಲಿ ಆಯುಧವನ್ನು ಹೋಲ್‌ಸ್ಟರ್‌ನಲ್ಲಿಟ್ಟು, ಪೂರ್ತಿ ಮುಚ್ಚಿಕೊಂಡೇ ಒಯ್ಯಬೇಕು. ಇನ್ನು ವಿಮಾನ ನಿಲ್ದಾಣದಲ್ಲಿ, ಕೈಚೀಲದಲ್ಲಿ ಮರೆತು ಉಳಿದ ಒಂದೇ ಒಂದು ಗುಂಡು ಸಿಕ್ಕರೂ ಪ್ರಯಾಣದ ಬದಲು ಪೊಲೀಸ್ ವಿಚಾರಣೆ ಎದುರಿಸಬೇಕಾದೀತು.