ಕಾಲೇಜಿಗೆ ಕೊಟ್ಟ ನಂಬರು ಕಂಪನಿಗೆ ಹೇಗೆ ಹೋಯ್ತು?

ಮಧ್ಯಾಹ್ನದ ಕೆಲಸ ಮುಗಿಸಿ ಇನ್ನೇನು ಒಂದು ಗಳಿಗೆ ಕೂರೋಣ ಅನ್ನುವಾಗ ಫೋನು. ‘ಮೇಡಂ, ನೀವು ಇಂಥ ವರ್ಷ ಇಂಥ ಕಾಲೇಜಿನಲ್ಲಿ ಬಿ.ಎ. ಮಾಡಿದ್ದೀರಿ ಅಲ್ವಾ? ನಿಮ್ಮ ಕಾಲೇಜಿನ ಹಳೇ ವಿದ್ಯಾರ್ಥಿಗಳಿಗೆ ಅಂತಲೇ ನಮ್ಮಲ್ಲೊಂದು ವಿಮೆ ಇದೆ...’ ವಿಮೆ ಬೇಕೋ ಬೇಡವೋ ಆಮೇಲಿನ ಮಾತು. ನಾನು ಓದಿದ ಕಾಲೇಜು, ವರ್ಷ ಎಲ್ಲ ಇವರಿಗೆ ಹೇಗೆ ಗೊತ್ತಾಯ್ತು ಅಂತ ಮೊದಲು ಎದೆ ಧಸಕ್ಕೆನ್ನುತ್ತೆ.

ಸ್ವಲ್ಪ ನೆನಪು ಮಾಡಿಕೊಳ್ಳಿ. ಹಳೇ ವಿದ್ಯಾರ್ಥಿಗಳ ಸಮಾವೇಶ ಅಂತ ಕರೆದಿರ್ತಾರೆ. ಬಾಗಿಲಲ್ಲೇ ಒಂದು ರಿಜಿಸ್ಟರು ಅಥವಾ ಮೊಬೈಲಿಗೆ ಬಂದ ಒಂದು ಫಾರಂ. ಹೆಸರು, ಮದುವೆಯಾದ ಮೇಲಿನ ಹೆಸರು, ಗಂಡನ ಉದ್ಯೋಗ, ಈಗಿನ ವಿಳಾಸ, ಫೋನು, ಇಮೇಲು. ಗೆಳತಿಯರನ್ನು ನೋಡೋ ಖುಷಿಯಲ್ಲಿ ಎಲ್ಲಾನೂ ತುಂಬಿಸಿರ್ತೀವಿ. ಕಾಲೇಜಿನವರಿಗೂ ಇದು ಬೇಕು, ತಪ್ಪೇನಲ್ಲ. ನ್ಯಾಕ್ ಸಂಸ್ಥೆ 2017ರಲ್ಲಿ ಪರಿಷ್ಕರಿಸಿದ ಮಾನ್ಯತೆಯ ಅಳತೆಗೋಲಿನಲ್ಲಿ ಹಳೇ ವಿದ್ಯಾರ್ಥಿಗಳ ಒಡನಾಟಕ್ಕೂ ಜಾಗ ಇತ್ತು. ಆದರೆ ಆ ಪಟ್ಟಿ ಅಲ್ಲಿಂದ ಎಲ್ಲಿಗೆ ಹೋಗುತ್ತೆ ಅನ್ನೋದೇ ಪ್ರಶ್ನೆ. ನಮ್ಮ ತಿಪಟೂರು ಮಾರ್ಕೆಟ್ಟಿಗೆ ಬಂದ ಕೊಬ್ಬರಿಗೂ ಯಾರು ತಂದರು, ಯಾರು ಕೊಂಡರು ಅಂತ ಲೆಕ್ಕ ಇರುತ್ತೆ. ನಮ್ಮ ನಂಬರಿಗೆ ಅಷ್ಟೂ ಲೆಕ್ಕ ಬೇಡವೇ?

ಗಂಡಸರಿಗೆ ಇದು ಬರೀ ಕಿರಿಕಿರಿ ಇರಬಹುದು. ಹೆಂಗಸರಿಗೆ ಹಾಗಲ್ಲ. ಗೊತ್ತಿಲ್ಲದ ನಂಬರಿನಿಂದ ಎರಡು ಸಲ ಫೋನ್ ಬಂದರೆ ‘ಯಾರದು?’ ಅಂತ ಕೇಳೋ ಮನೆಗಳು ಇನ್ನೂ ಇವೆ. ಗಂಡನ ಹಿಂಸೆ ತಾಳಲಾರದೆ ಬೇರೆ ಊರಿಗೆ ಹೋಗಿ ಕೆಲಸಕ್ಕೆ ಸೇರಿದ ಹೆಣ್ಣುಮಗಳೊಬ್ಬಳ ಹೊಸ ವಿಳಾಸ ಅಚ್ಚಾದ ಡೈರೆಕ್ಟರಿಯಲ್ಲಿ ಬಂದರೆ ಏನಾಗಬಹುದು ಯೋಚಿಸಿ. ಆ ಡೈರೆಕ್ಟರಿ ಜಾಹೀರಾತು ಕೊಟ್ಟ ಅಂಗಡಿಗಳಿಗೂ ಒಂದೊಂದು ಪ್ರತಿ ಹೋಗಿರುತ್ತೆ!

ಹಾಗಾದರೆ ಕಾನೂನು ಏನನ್ನುತ್ತೆ? 2011ರ ಐಟಿ ನಿಯಮಗಳಲ್ಲಿ ಪಾಸ್‌ವರ್ಡ್, ಬ್ಯಾಂಕಿನ ವಿವರ, ಆರೋಗ್ಯದ ಮಾಹಿತಿ ಇಂಥವನ್ನು ‘ಸೂಕ್ಷ್ಮ’ ಅಂತ ಕರೆದರು. ಫೋನ್ ನಂಬರು, ಮನೆ ವಿಳಾಸ ಆ ಪಟ್ಟಿಯಲ್ಲಿ ಇಲ್ಲ. ಆಮೇಲೆ ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಚಾರವಾಗಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಹೆಸರಿನ ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಪ್ರಕಟವಾಗಿದ್ದು 2025ರ ನವೆಂಬರಿನಲ್ಲಿ. ನಮಗೆ ಬೇಕಾದ ಮುಖ್ಯ ಕಲಮುಗಳಿಗೆ ಆಗ ಕೊಟ್ಟ ಗಡುವು 18 ತಿಂಗಳು, ಅಂದರೆ 2027ರ ಮೇ. ಸರ್ಕಾರಿ ಕೆಲಸ, ನಿಧಾನ!

ಆದರೆ ಕಾಯ್ದೆಯಲ್ಲಿರೋದು ಚೆನ್ನಾಗಿದೆ. ಯಾವ ಕೆಲಸಕ್ಕೆ ಅಂತ ಹೇಳಿ ನಂಬರು ತಗೊಂಡರೋ ಅದಕ್ಕೆ ಮಾತ್ರ ಬಳಸಬೇಕು. ಸಮಾವೇಶಕ್ಕೆ ಅಂತ ಪಡೆದು ವಿಮೆ ಕಂಪನಿಗೆ ಕೊಡೋದಾದರೆ ಅದಕ್ಕೆ ಬೇರೆಯೇ ಒಪ್ಪಿಗೆ ಬೇಕು. ಒಪ್ಪಿಗೆ ಕೇಳೋ ತಿಳಿವಳಿಕೆ ಪತ್ರವನ್ನು ಕನ್ನಡದಲ್ಲೇ ಕೊಡಿ ಅಂತ ಕೇಳಬಹುದು. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಈ ಹಕ್ಕಿದೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ತಗೊಳ್ಳುವಂತಿರಬೇಕು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ನೊಂದು: ‘ನನ್ನ ವಿವರ ಯಾರ್ಯಾರಿಗೆ ಕೊಟ್ಟಿದ್ದೀರಿ, ಹೆಸರು ಹೇಳಿ’ ಅಂತ ಕೇಳಬಹುದು. ಹಿಂದೆ ಒಪ್ಪಿ ಕೊಟ್ಟ ವಿವರಗಳಿಗೂ ಸಂಸ್ಥೆಯವರು ತಿಳಿವಳಿಕೆ ಪತ್ರ ಕಳಿಸಬೇಕು. ಬರೀ ಪುಸ್ತಕದಲ್ಲಿ ಕೈಯಲ್ಲಿ ಬರೆದಿಟ್ಟದ್ದಕ್ಕೆ ಈ ಕಾಯ್ದೆ ತಾಗೋದಿಲ್ಲ, ಕಂಪ್ಯೂಟರಿಗೆ ಏರಿಸಿದ ಕೂಡಲೇ ತಾಗುತ್ತೆ. ಹಾಗೆಯೇ ನೀವೇ ಫೇಸ್‌ಬುಕ್ಕಿನಲ್ಲಿ ಊರಿಗೆಲ್ಲ ಕಾಣೋ ಹಾಗೆ ಹಾಕಿಕೊಂಡ ನಂಬರಿಗೆ ಈ ರಕ್ಷಣೆ ಇಲ್ಲ.

ಅಮೆರಿಕದಲ್ಲಿ ವಿಶ್ವವಿದ್ಯಾಲಯಗಳೂ ಹಳೇ ವಿದ್ಯಾರ್ಥಿ ಸಂಘಗಳೂ ಬ್ಯಾಂಕುಗಳಿಗೆ ಪಟ್ಟಿ ಕೊಟ್ಟು ಹಣ ಪಡೀತಿದ್ದವು. ಕಾಲೇಜಿನ ಲಾಂಛನ ಇರೋ ಕ್ರೆಡಿಟ್ ಕಾರ್ಡು ಮಾರಲು! 2009ರ ಕಾನೂನಿನ ನಂತರ ಅಂಥ ಒಪ್ಪಂದಗಳನ್ನು ಬಹಿರಂಗಪಡಿಸಬೇಕಾಯಿತು. ನಮ್ಮಲ್ಲಿ ಆ ಲೆಕ್ಕ ಕೇಳೋರೇ ಕಡಿಮೆ.

ಕೇಳೋದಾದರೂ ಯಾರನ್ನು? ಇಲ್ಲಿ ಸ್ವಲ್ಪ ಗೋಜಲಿದೆ. ನಮ್ಮ ಜಿಲ್ಲೆಯಲ್ಲಿ ಮೊದಲು ಪದವಿ ಪಡೆದವರ ಅಂಕಪಟ್ಟಿ ಬೆಂಗಳೂರು ವಿಶ್ವವಿದ್ಯಾಲಯದ್ದು. ತುಮಕೂರು ವಿಶ್ವವಿದ್ಯಾಲಯ ಶುರುವಾಗಿದ್ದು 2004ರಲ್ಲಿ. ವಿಶ್ವವಿದ್ಯಾಲಯದ ಹತ್ತಿರ ಒಂದು ವಿವರ, ಕಾಲೇಜಿನ ಹತ್ತಿರ ಒಂದು. ಹಳೇ ವಿದ್ಯಾರ್ಥಿಗಳ ಸಂಘ ಬಹಳ ಕಡೆ ಬೇರೆಯೇ ನೋಂದಾಯಿತ ಸಂಘ. ಕಾಲೇಜು ಸಂಘಕ್ಕೆ ಪಟ್ಟಿ ಕೊಟ್ಟರೂ ಅದು ಇನ್ನೊಬ್ಬರಿಗೆ ಕೊಟ್ಟಂತೆಯೇ. ಹಾಗಾಗಿ ಫಾರಂ ಯಾರು ಕೊಟ್ಟರೋ ಅವರಿಗೇ ಮೊದಲು ಬರೆಯಿರಿ. ಪತ್ರ ದೊಡ್ಡದೇನೂ ಬೇಡ. ‘ನನ್ನ ವಿವರಗಳನ್ನು ಕಾಲೇಜಿನ ಕಾರ್ಯಕ್ರಮ ತಿಳಿಸಲು ಮಾತ್ರ ಬಳಸಿ. ಯಾವುದೇ ಕಂಪನಿಗೆ, ಬ್ಯಾಂಕಿಗೆ ಕೊಡಲು ನನ್ನ ಒಪ್ಪಿಗೆ ಇಲ್ಲ. ಈಗಾಗಲೇ ಕೊಟ್ಟಿದ್ದರೆ ಯಾರಿಗೆ ಎಂದು ತಿಳಿಸಿ’ ಅಂದರೆ ಸಾಕು. ಎರಡು ಪ್ರತಿ ಮಾಡಿ, ಒಂದಕ್ಕೆ ಕಚೇರಿಯ ಮುದ್ರೆ ಹಾಕಿಸಿಕೊಳ್ಳಿ. ಕಾಯ್ದೆ ಪೂರ್ತಿ ಜಾರಿಯಾಗೋವರೆಗೆ ಉತ್ತರ ಬರದೇನೂ ಇರಬಹುದು, ಆದರೆ ನೀವು ಒಪ್ಪಿಲ್ಲ ಅನ್ನೋದಕ್ಕೆ ದಾಖಲೆ ಉಳಿಯುತ್ತೆ.

ಕರೆಗಳ ಕಾಟಕ್ಕೆ ಈಗಲೇ ದಾರಿ ಇದೆ. 1909ಕ್ಕೆ ಫೋನ್ ಮಾಡಿ ಅಥವಾ ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ ಪ್ರಚಾರದ ಕರೆ ಬೇಡ ಅಂತ ನೋಂದಾಯಿಸಿ. ಆಮೇಲೂ ಬಂದರೆ ನಂಬರು, ದಿನಾಂಕ ಬರೆದಿಟ್ಟು 7 ದಿನದೊಳಗೆ ದೂರು ಕೊಡಿ. 2025ರ ತಿದ್ದುಪಡಿಗೆ ಮುಂಚೆ 3 ದಿನವಷ್ಟೇ ಇತ್ತು. ನೆನಪಿರಲಿ, ನೀವೇ ಒಪ್ಪಿಗೆ ಕೊಟ್ಟ ಕಂಪನಿಯನ್ನು ಡಿಎನ್‌ಡಿ ತಡೆಯೋದಿಲ್ಲ. ಫಾರಂನ ಕೊನೆಯಲ್ಲಿ ಸಣ್ಣಕ್ಷರದಲ್ಲಿ ‘ನಮ್ಮ ಸಹಭಾಗಿ ಸಂಸ್ಥೆಗಳು’ ಅಂತ ಇದೆಯಾ ನೋಡಿ. ಇದ್ದರೆ ಆ ಸಾಲನ್ನು ಪೆನ್ನಿನಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ.

ಮಗಳ ಪಿಯುಸಿ ಅರ್ಜಿ ತುಂಬಿಸುವಾಗಲೂ ಇದನ್ನೇ ಮಾಡಿ. ಹೊಸ ಕಾಯ್ದೆಯಲ್ಲಿ 18 ತುಂಬದವರ ವಿವರಕ್ಕೆ ಒಪ್ಪಿಗೆ ಕೊಡಬೇಕಾದವರು ತಂದೆತಾಯಿ.