ಸೋರಿಯಾಸಿಸ್ ಮತ್ತು ‘ಬೇರುಸಹಿತ ವಾಸಿ’ಯ ನಂಬಿಕೆ

ಬಸ್ ನಿಲ್ದಾಣದ ಗೋಡೆ, ಹೆದ್ದಾರಿ ಪಕ್ಕದ ಕಾಂಪೌಂಡು, ಈಗೀಗ ಮೊಬೈಲಿನ ವಿಡಿಯೊ, ಎಲ್ಲಿ ನೋಡಿದರೂ ಒಂದೇ ಭರವಸೆ: ಸೋರಿಯಾಸಿಸ್ ಬೇರುಸಹಿತ ವಾಸಿ, ಮತ್ತೆಂದೂ ಮರುಕಳಿಸದು. ಚರ್ಮರೋಗಗಳ ಬಗ್ಗೆ ನಮ್ಮಲ್ಲಿ ತಪ್ಪು ಕಲ್ಪನೆಗಳಿಗೆ ಬರವಿಲ್ಲ. ಅಂಟುತ್ತದೆ ಎನ್ನುವವರಿದ್ದಾರೆ, ರಕ್ತ ಕೆಟ್ಟಿದೆ ಎನ್ನುವವರಿದ್ದಾರೆ, ನಾಗದೋಷವೆಂದು ಜಾತಕ ಹಿಡಿದು ಓಡಾಡುವವರಿದ್ದಾರೆ. ಇವೆಲ್ಲವೂ ರೋಗಿಯನ್ನು ನೋಯಿಸುತ್ತವೆ. ಆದರೆ ದೇಹಕ್ಕೆ ಅತಿ ಹೆಚ್ಚು ಹಾನಿ ಮಾಡುವ ನಂಬಿಕೆ ಯಾವುದೆಂದರೆ ನಾನು ಈ ‘ಬೇರುಸಹಿತ ವಾಸಿ’ಯತ್ತಲೇ ಬೆರಳು ತೋರಿಸುತ್ತೇನೆ. ಯಾಕೆಂದರೆ ಅದು ಕೆಲಸ ಮಾಡುತ್ತಿರುವ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಿಸಿ, ಏನಿದೆಯೆಂದು ಯಾರಿಗೂ ಗೊತ್ತಿಲ್ಲದ ಪುಡಿಯನ್ನು ಕೈಗಿಡುತ್ತದೆ. 2014ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಅಂಗೀಕರಿಸಿದ ನಿರ್ಣಯವೊಂದು ಸೋರಿಯಾಸಿಸ್ಸನ್ನು ದೀರ್ಘಕಾಲ ಉಳಿಯುವ, ಒಬ್ಬರಿಂದೊಬ್ಬರಿಗೆ ಹರಡದ, ನೋವು ಕೊಡುವ, ಪೂರ್ತಿ ವಾಸಿಯಾಗದ ರೋಗವೆಂದು ಸ್ಪಷ್ಟವಾಗಿ ಹೇಳಿತು. ಜಗತ್ತಿನಲ್ಲಿ ಕನಿಷ್ಠ 10 ಕೋಟಿ ಜನರಿಗೆ ಈ ರೋಗವಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2016ರ ವರದಿಯ ಅಂದಾಜು. ಪೂರ್ತಿ ವಾಸಿಯಾಗದು ಎಂಬ ಮಾತು ಕೇಳಿದೊಡನೆ ಎದೆ ಕುಸಿಯುವುದು ಸಹಜ. ಆದರೆ ವಾಸಿಯಾಗದು ಎನ್ನುವುದಕ್ಕೂ ಚಿಕಿತ್ಸೆಯೇ ಇಲ್ಲ ಎನ್ನುವುದಕ್ಕೂ ಅಜಗಜಾಂತರವಿದೆ.

ರೋಗದ ಒಳಗೆ ಏನು ನಡೆಯುತ್ತದೆ ಎಂದು ತಿಳಿದರೆ ‘ಬೇರು’ ಎಲ್ಲಿದೆ ಎಂಬುದೂ ತಿಳಿಯುತ್ತದೆ. ನಮ್ಮ ಹೊರಚರ್ಮದ ಜೀವಕೋಶಗಳು ತಳದಲ್ಲಿ ಹುಟ್ಟಿ, ಮೆಲ್ಲಗೆ ಮೇಲಕ್ಕೆ ಸಾಗಿ, ಸತ್ತು ಕಣ್ಣಿಗೆ ಕಾಣದಷ್ಟು ಸಣ್ಣ ಹೊಟ್ಟಾಗಿ ಉದುರುವುದಕ್ಕೆ ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಇದೇ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಬಲಿಯದ ಕೋಶಗಳು ಒಂದರ ಮೇಲೊಂದು ಪೇರಿಕೊಂಡು ಬೆಳ್ಳಿಬಣ್ಣದ ಚಕ್ಕೆಗಳಾಗುತ್ತವೆ. ಅವುಗಳ ಕೆಳಗೆ ರಕ್ತನಾಳಗಳು ಹಿಗ್ಗಿ ಚರ್ಮ ಕೆಂಪಾಗುತ್ತದೆ. ನಮ್ಮ ಕಂದು ಮೈಬಣ್ಣದಲ್ಲಿ ಆ ಕೆಂಪು ನೇರಳೆಯಾಗಿಯೋ ಕಪ್ಪಾಗಿಯೋ ಕಾಣುವುದೂ ಉಂಟು. ಈ ಅವಸರಕ್ಕೆ ಕಾರಣ ದೇಹದ ರಕ್ಷಣಾ ವ್ಯವಸ್ಥೆ. ಹೊರಗಿನ ಶತ್ರು ಇಲ್ಲದಿದ್ದರೂ ಅದು ಇಂಟರ್‌ಲ್ಯೂಕಿನ್-17, ಇಂಟರ್‌ಲ್ಯೂಕಿನ್-23 ಮುಂತಾದ ಸಂದೇಶವಾಹಕ ಪ್ರೋಟೀನುಗಳನ್ನು ಬಿಡುಗಡೆ ಮಾಡುತ್ತಲೇ ಇರುತ್ತದೆ. ಹೀಗಾಗುವ ಪ್ರವೃತ್ತಿ ಭಾಗಶಃ ವಂಶವಾಹಿಗಳಲ್ಲೇ ಬರೆದಿರುತ್ತದೆ. ಗಂಟಲಿನ ಸೋಂಕು, ಚರ್ಮಕ್ಕಾದ ಗಾಯ, ಮಾನಸಿಕ ಒತ್ತಡ ಅದನ್ನು ಎಬ್ಬಿಸುತ್ತವೆ. ಅಂದಮೇಲೆ ಇಲ್ಲಿ ರಕ್ತ ಕೆಟ್ಟಿಲ್ಲ, ಸೋಸಿ ಹೊರಹಾಕಬೇಕಾದ ವಿಷವೂ ಇಲ್ಲ. ಭೇದಿ ಮಾಡಿಸಿ ‘ರಕ್ತ ಶುದ್ಧಿ’ ಮಾಡುವುದರಿಂದ ವಂಶವಾಹಿ ಬದಲಾಗುವುದಿಲ್ಲ. ಕಿತ್ತು ಬಿಸಾಡಬಹುದಾದ ಬೇರು ಇಲ್ಲಿಲ್ಲ, ಇರುವುದು ಸದ್ದಡಗಿಸಬಹುದಾದ ಒಂದು ಪ್ರವೃತ್ತಿ.

ಹಾಗಿದ್ದರೆ ಇಂಥ ಊರಿನ ಇಂಥವರ ಮದ್ದಿನಿಂದ ನೂರಾರು ಜನರಿಗೆ ವಾಸಿಯಾಯಿತು ಎನ್ನುತ್ತಾರಲ್ಲ, ಅವರೆಲ್ಲ ಸುಳ್ಳು ಹೇಳುತ್ತಾರೆಯೇ? ಇಲ್ಲ, ಬಹುಪಾಲು ಜನ ತಾವು ಕಂಡದ್ದನ್ನೇ ಹೇಳುತ್ತಾರೆ. ಸೋರಿಯಾಸಿಸ್ಸಿಗೆ ಏರಿಳಿತ ಎಂಬುದು ಹುಟ್ಟುಗುಣ. ಚಳಿಗಾಲದಲ್ಲಿ ಉಲ್ಬಣಿಸಿದ್ದು ಬೇಸಿಗೆಯ ಬಿಸಿಲಿಗೆ ಹಲವರಲ್ಲಿ ತಾನಾಗಿ ಇಳಿಯುತ್ತದೆ. ಮಕ್ಕಳಲ್ಲಿ, ಹರೆಯದವರಲ್ಲಿ ಗಂಟಲುನೋವಿನ ಬೆನ್ನಿಗೇ ಮೈತುಂಬ ಹನಿಹನಿಯಾಗಿ ಏಳುವ ಒಂದು ಬಗೆಯಿದೆ. ಅದು ಎಷ್ಟೋ ಸಲ ಕೆಲವು ತಿಂಗಳಲ್ಲಿ ಯಾವ ಔಷಧವೂ ಇಲ್ಲದೆ ಮಾಯವಾಗುತ್ತದೆ, ಕೆಲವರಲ್ಲಿ ಮತ್ತೆ ಬರುವುದೇ ಇಲ್ಲ. ಮನುಷ್ಯ ಹೊಸ ಮದ್ದನ್ನು ಹುಡುಕಿಕೊಂಡು ಹೋಗುವುದು ರೋಗ ತೀರಾ ಜೋರಾದಾಗ. ಜೋರಾದ ಮೇಲೆ ಅದು ಸಾಮಾನ್ಯವಾಗಿ ಒಂದಷ್ಟು ಇಳಿಯುತ್ತದೆ. ಇಳಿಯುವ ಹೊತ್ತಿಗೆ ಕೈಯಲ್ಲಿ ಯಾವ ಸೀಸೆ ಇತ್ತೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಮುಂದಿನ ಮಾಗಿಯಲ್ಲಿ ಚಕ್ಕೆಗಳು ಮರಳಿದಾಗ ಪಥ್ಯ ತಪ್ಪಿತು ಎಂದು ರೋಗಿ ತನ್ನನ್ನೇ ದೂರಿಕೊಳ್ಳುತ್ತಾನೆ, ಮದ್ದಿನ ಮೇಲೆ ಅನುಮಾನ ಹುಟ್ಟುವುದಿಲ್ಲ. ಔಷಧ ಪರೀಕ್ಷೆಯಲ್ಲಿ ಒಂದು ಗುಂಪಿಗೆ ನಿಜವಾದ ಮಾತ್ರೆ, ಇನ್ನೊಂದಕ್ಕೆ ಅಂಥದೇ ಹುಸಿ ಮಾತ್ರೆ ಕೊಟ್ಟು ಹೋಲಿಸುವುದು ಇದಕ್ಕಾಗಿಯೇ. ಹುಸಿ ಮಾತ್ರೆ ನುಂಗಿದವರಲ್ಲೂ ಒಂದಷ್ಟು ಜನ ಸುಧಾರಿಸುತ್ತಾರೆ. ಅದಕ್ಕಿಂತ ಎಷ್ಟು ಹೆಚ್ಚು ಸುಧಾರಣೆಯಾಯಿತು ಎಂಬುದಷ್ಟೇ ಔಷಧದ ಬೆಲೆ.

ಇಷ್ಟೇ ಆಗಿದ್ದರೆ ಸೀಸೆಗೆ ಕೊಟ್ಟ ದುಡ್ಡು ಮಾತ್ರ ನಷ್ಟ. ಕೆಲವು ಪುಡಿಗಳು ನಿಜಕ್ಕೂ ಕೆಲಸ ಮಾಡುತ್ತವೆ, ಅಪಾಯ ಇರುವುದು ಅಲ್ಲೇ. ವರ್ಷಗಳಿಂದ ಜಗ್ಗದ ಚಕ್ಕೆ ವಾರದೊಳಗೆ ಕರಗಿತು, ನವೆ ನಿಂತಿತು, ಹಸಿವು ಹೆಚ್ಚಿತು, ಕೀಲುನೋವೂ ಹೋಯಿತು ಎಂದರೆ ಮೊದಲು ಸಂದೇಹ ಪಡಬೇಕಾದದ್ದು ಅದರೊಳಗೆ ಸ್ಟೀರಾಯ್ಡ್ ಬೆರೆತಿದೆಯೇ ಎಂದು. ಲೇಬಲ್ ಇಲ್ಲದ ಪೊಟ್ಟಣಗಳಲ್ಲಿ ಡೆಕ್ಸಾಮೆಥಸೋನ್, ಬೀಟಾಮೆಥಸೋನ್‌ನಂಥ ಮಾತ್ರೆಗಳನ್ನು ಅರೆದು ಸೇರಿಸುವ ಪರಿಪಾಠ ವೈದ್ಯಲೋಕಕ್ಕೆ ಹೊಸದಲ್ಲ. ತಿಂಗಳುಗಟ್ಟಲೆ ಇದನ್ನು ನುಂಗಿದವರ ಮುಖ ಗುಂಡಗೆ ಊದಿಕೊಳ್ಳುತ್ತದೆ, ಸಕ್ಕರೆ ಮತ್ತು ಬಿಪಿ ಏರುತ್ತವೆ, ಮೂಳೆ ಟೊಳ್ಳಾಗುತ್ತದೆ. ಸೋರಿಯಾಸಿಸ್ ರೋಗಿಗೆ ಇನ್ನೊಂದು ಅಪಾಯವೂ ಕಾದಿರುತ್ತದೆ. ಪುಡಿ ಮುಗಿದು, ದೇಹಕ್ಕೆ ಸ್ಟೀರಾಯ್ಡ್ ಒಮ್ಮೆಲೇ ನಿಂತಾಗ ರೋಗ ಮೊದಲಿನ ಹತ್ತುಪಟ್ಟು ಆರ್ಭಟದಿಂದ ಮರಳಬಹುದು. ಅಡಿಯಿಂದ ಮುಡಿಯವರೆಗೆ ಚರ್ಮ ಕೆಂಪಾಗಿ ಸುಲಿಯುವುದು, ಮೈಯೆಲ್ಲ ಕೀವು ತುಂಬಿದ ಸಣ್ಣ ಗುಳ್ಳೆಗಳೆದ್ದು ಜ್ವರ ಬರುವುದು, ಇವು ಆಸ್ಪತ್ರೆಗೆ ಸೇರಿಸಲೇಬೇಕಾದ ಸ್ಥಿತಿಗಳು. ಚರ್ಮತಜ್ಞರು ಸೋರಿಯಾಸಿಸ್ಸಿಗೆ ಸ್ಟೀರಾಯ್ಡ್ ಮಾತ್ರೆ, ಇಂಜೆಕ್ಷನ್ ಕೊಡಲು ಹಿಂಜರಿಯುವುದು ಇದಕ್ಕೇ. ಮುಲಾಮಿನ ಮಾತು ಬೇರೆ. ಸ್ಟೀರಾಯ್ಡ್ ಮುಲಾಮು ಸರಿಯಾದ ಜಾಗಕ್ಕೆ, ಸರಿಯಾದ ಅವಧಿಗೆ ಒಳ್ಳೆಯ ಔಷಧ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ, ದೊಡ್ಡವರ ಎರಡು ಅಂಗೈಯಗಲದ ಜಾಗಕ್ಕೆ ಅಷ್ಟು ಸಾಕು. ಮೆಡಿಕಲ್ ಶಾಪಿನವರು ಕೊಟ್ಟರೆಂದು ಅದನ್ನೇ ತೊಡೆಸಂದಿಗೆ, ಮುಖಕ್ಕೆ ವರ್ಷಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಬಿರುಕಿನ ಗೆರೆಗಳು ಉಳಿದುಬಿಡುತ್ತವೆ.

ಇದನ್ನು ಓದಿದವರು, ಹಾಗಾದರೆ ನಮ್ಮ ಗಿಡಮೂಲಿಕೆಗಳೆಲ್ಲ ಮೋಸ, ಇಂಗ್ಲಿಷ್ ಮದ್ದೊಂದೇ ಸತ್ಯ ಎನ್ನುತ್ತೀರಾ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಬಾವಂಚಿ ಬೀಜದ ಕತೆಯೇ ಸಾಕು. ತೊನ್ನಿಗೆ ಬಾವಂಚಿ ಲೇಪಿಸಿ ಬಿಸಿಲಿಗೆ ಒಡ್ಡುವುದು ಆಯುರ್ವೇದದ ಬಹಳ ಹಳೆಯ ಪದ್ಧತಿ. 1933ರಲ್ಲಿ ಜೋಯಿಸ್, ಮಂಜುನಾಥ್ ಮತ್ತು ವೆಂಕಟರಾವ್ ಎಂಬ ನಮ್ಮ ದೇಶದ ರಸಾಯನವಿಜ್ಞಾನಿಗಳು ಆ ಬೀಜದಿಂದ ಸೋರಾಲೆನ್ ಎಂಬ ಅಂಶವನ್ನು ಬೇರ್ಪಡಿಸಿದರು. ಅದೇ ಕುಟುಂಬದ ರಾಸಾಯನಿಕವೊಂದನ್ನು ಮಾತ್ರೆಯಾಗಿ ಕೊಟ್ಟು, ಅಳತೆಯ ನೇರಳಾತೀತ ಕಿರಣ ಹಾಯಿಸಿದರೆ ಸೋರಿಯಾಸಿಸ್ ಚಕ್ಕೆಗಳು ಅಳಿಯುತ್ತವೆ ಎಂದು 1974ರಲ್ಲಿ ಅಮೆರಿಕದ ವೈದ್ಯರು ತೋರಿಸಿದರು. ‘ಪುವಾ’ ಚಿಕಿತ್ಸೆ ಬಂದದ್ದು ಹಾಗೆ. ಮೂಲಿಕೆಯ ಜ್ಞಾನ ಅಲ್ಲಿ ಸೋಲಲಿಲ್ಲ, ಅಳತೆಗೆ ಒಳಪಟ್ಟು ಬೆಳೆಯಿತು. ಅದೇ ಬಾವಂಚಿಯನ್ನು ಅಂದಾಜಿನಲ್ಲಿ ಅರೆದು ಬಳಿದುಕೊಂಡು ಮಧ್ಯಾಹ್ನದ ಬಿಸಿಲಿಗೆ ಕೂತರೆ ಬೊಬ್ಬೆ ಬಂದು ಚರ್ಮ ಸುಡುತ್ತದೆ. ಹಾಗಾಗಿ ಮದ್ದು ಯಾವ ಪದ್ಧತಿಯದು ಎನ್ನುವುದಕ್ಕಿಂತ ಒಳಗೆ ಏನಿದೆ, ಎಷ್ಟಿದೆ, ಯಾರ ಮೇಲೆ ಪರೀಕ್ಷೆಯಾಗಿದೆ, ಕೆಟ್ಟರೆ ಯಾರು ಹೊಣೆ ಎಂದು ಕೇಳುವುದು ಮೇಲು. ಅರ್ಹತೆಯುಳ್ಳ ಆಯುರ್ವೇದ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಿಸಬೇಕಾಗಿಲ್ಲ. ಗುಟ್ಟಿನ ಮದ್ದು, ಹೆಸರು ಹೇಳಿದರೆ ಫಲಿಸದು ಎನ್ನುವವರಿಂದ ದೂರವಿರಬೇಕು.

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳವಾದದ್ದು. ವಾಸಿಯೇ ಆಗದ ಮೇಲೆ ಜೀವನಪೂರ್ತಿ ಮಾತ್ರೆ ನುಂಗಿ ಏನು ಸುಖ? ಬಿಪಿಗೆ, ಸಕ್ಕರೆ ಕಾಯಿಲೆಗೆ ದಿನವೂ ಮಾತ್ರೆ ನುಂಗುವವರನ್ನು ನಾವು ಹೀಗೆ ಕೇಳುವುದಿಲ್ಲ. ಚರ್ಮದ ವಿಷಯದಲ್ಲಿ ಮಾತ್ರ ನಿಯಂತ್ರಣವನ್ನು ಸೋಲು ಎಂದು ಭಾವಿಸುತ್ತೇವೆ. ನಿಜ ಹೇಳಬೇಕೆಂದರೆ ಎಲ್ಲರಿಗೂ ಜೀವನಪೂರ್ತಿ ಮಾತ್ರೆ ಬೇಕಾಗುವುದೂ ಇಲ್ಲ. ರೋಗ ಸೌಮ್ಯವಾಗಿದ್ದರೆ ತೇವ ಕಾಪಾಡುವ ಮುಲಾಮು, ಕ್ಯಾಲ್ಸಿಪೊಟ್ರಿಯಾಲ್, ಕೋಲ್‌ಟಾರ್ ಇಷ್ಟರಲ್ಲೇ ದಿನ ಸಾಗುತ್ತದೆ. ಹೆಚ್ಚು ಹರಡಿದ್ದರೆ 311 ನ್ಯಾನೊಮೀಟರ್ ಆಸುಪಾಸಿನ ನೇರಳಾತೀತ ಕಿರಣದ ಚಿಕಿತ್ಸೆಯಿದೆ. ವಾರಕ್ಕೆ ಎರಡು ಮೂರು ಸಲ ಆಸ್ಪತ್ರೆಗೆ ಹೋಗಬೇಕು ಎಂಬುದೇ ಅದರ ಕಷ್ಟ, ಹಳ್ಳಿಯಿಂದ ಬರುವವರಿಗೆ ಅದು ಸಣ್ಣ ಕಷ್ಟವಲ್ಲ. ಮೆಥೊಟ್ರೆಕ್ಸೇಟ್ ಹಳೆಯ, ಅಗ್ಗದ, ಪಳಗಿದ ಔಷಧ. ಆದರೆ ಸೋರಿಯಾಸಿಸ್ಸಿಗೆ ಅದನ್ನು ತೆಗೆದುಕೊಳ್ಳಬೇಕಾದದ್ದು ವಾರಕ್ಕೊಮ್ಮೆ. ದಿನಕ್ಕೊಂದು ಎಂದು ತಪ್ಪಾಗಿ ತಿಳಿದು ನುಂಗಿ ಬಾಯಿಹುಣ್ಣಾಗಿ, ಬಿಳಿ ರಕ್ತಕಣ ಕುಸಿದು ಪ್ರಾಣಕ್ಕೇ ಕುತ್ತು ಬಂದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ಸಾಕಷ್ಟಿವೆ. ವಾರದ ಯಾವ ದಿನ ಎಂದು ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ. ರಕ್ತ ಮತ್ತು ಯಕೃತ್ತಿನ ಪರೀಕ್ಷೆ ತಪ್ಪಿಸಬೇಡಿ, ಮದ್ಯ ಮುಟ್ಟಬೇಡಿ. ಗರ್ಭಿಣಿಯರಿಗೆ ಈ ಔಷಧ ಸಲ್ಲದು, ಮಗು ಬೇಕೆಂದಿರುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಇವುಗಳಿಗೂ ಬಗ್ಗದವರಿಗೆ ಜೈವಿಕ ಔಷಧಗಳಿವೆ. ಬೆಂಗಳೂರಿನ ಬಯೋಕಾನ್ 2013ರಲ್ಲಿ ಇಟೊಲಿಜುಮ್ಯಾಬ್ ಎಂಬ ಇಂಜೆಕ್ಷನ್ನನ್ನು ಸೋರಿಯಾಸಿಸ್ಸಿಗೆಂದೇ ಭಾರತದಲ್ಲಿ ಬಿಡುಗಡೆ ಮಾಡಿತ್ತು. ಇಂಟರ್‌ಲ್ಯೂಕಿನ್-17ನ್ನು ತಡೆಯುವ ಔಷಧಗಳಿಂದ ಹೆಚ್ಚಿನವರ ಚರ್ಮ ಬಹುಪಾಲು ತಿಳಿಯಾಗುತ್ತದೆ. ದುಬಾರಿ ಎಂಬುದು ನಿಜವಾದ ಅಡ್ಡಿ. ಕ್ಷಯ ಮನೆಮನೆಯ ನೆರೆಯಲ್ಲಿರುವ ನಮ್ಮ ದೇಶದಲ್ಲಿ ಇವನ್ನು ಶುರುಮಾಡುವ ಮೊದಲು ಒಳಗೆ ಮಲಗಿರುವ ಕ್ಷಯ ಇದೆಯೇ ಎಂದು ನೋಡಲೇಬೇಕು.

ಪಥ್ಯದ ಮಾತು ಬಂದರೆ ‘ನಂಜು’ ಎಂಬ ಪಟ್ಟಿ ಬಿಚ್ಚಿಕೊಳ್ಳುತ್ತದೆ: ಬದನೆಕಾಯಿ, ಮೀನು, ಮೊಟ್ಟೆ, ಹುಳಿ. ಇವು ಸೋರಿಯಾಸಿಸ್ಸನ್ನು ಎಲ್ಲರಲ್ಲೂ ಕೆರಳಿಸುತ್ತವೆ ಎನ್ನಲು ಗಟ್ಟಿ ಆಧಾರವಿಲ್ಲ. ಯಾರಿಗಾದರೂ ಒಂದು ಪದಾರ್ಥ ಒಗ್ಗದಿದ್ದರೆ ಅವರು ಬಿಡಲಿ, ಆದರೆ ಎಲ್ಲ ಬಿಟ್ಟು ಗಂಜಿ ಕುಡಿದು ಸೊರಗುವುದು ಬೇಡ. ಪಟ್ಟಿಯಲ್ಲಿ ಎಂದೂ ಕಾಣಿಸದ ಮೂರು ಸಂಗತಿಗಳಿಗೆ ಮಾತ್ರ ಆಧಾರ ಬಲವಾಗಿದೆ. ಬೊಜ್ಜು, ಬೀಡಿ ಸಿಗರೇಟು, ಮದ್ಯ. ಬೊಜ್ಜಿರುವವರು ತೂಕ ಇಳಿಸಿದರೆ ಚಕ್ಕೆಗಳೂ ಕಡಿಮೆಯಾಗುತ್ತವೆ, ಔಷಧವೂ ಚೆನ್ನಾಗಿ ನಾಟುತ್ತದೆ. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್‌ಗಳು, ಮಲೇರಿಯಾದ ಕ್ಲೋರೊಕ್ವಿನ್ ಕೆಲವರಲ್ಲಿ ರೋಗ ಕೆರಳಿಸುತ್ತವೆ. ಹಾಗೆಂದು ತಾವೇ ಅವನ್ನು ನಿಲ್ಲಿಸಬಾರದು, ಚರ್ಮತಜ್ಞರ ಮುಂದೆ ಆ ಚೀಟಿಗಳನ್ನೂ ಇಡಬೇಕು.

ಅಂಟುರೋಗದ ಭಯಕ್ಕೆ ಹಳೆಯ ಕಾರಣವಿದೆ. ಯುರೋಪಿನಲ್ಲೂ ಸೋರಿಯಾಸಿಸ್ಸನ್ನು ಕುಷ್ಠದೊಂದಿಗೆ ಬಹುಕಾಲ ಕಲಸಿಬಿಟ್ಟಿದ್ದರು. ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ 1841ರಲ್ಲಿ ಎರಡನ್ನೂ ಸ್ಪಷ್ಟವಾಗಿ ಬೇರ್ಪಡಿಸಿದ. ಸೋರಿಯಾಸಿಸ್ಸಿನಲ್ಲಿ ರೋಗಾಣುವೇ ಇಲ್ಲ, ಅಂದಮೇಲೆ ಕೈಕುಲುಕಿದರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ, ಕ್ಷೌರದಂಗಡಿಯ ಬಾಚಣಿಗೆ ಹಂಚಿಕೊಂಡರೆ ಹರಡುವುದಕ್ಕೆ ಏನೂ ಇಲ್ಲ. ಮದುವೆ ಮಾತುಕತೆಯಲ್ಲಿ ಏಳುವ ಅನುವಂಶೀಯತೆಯ ಭಯವೂ ಅಳತೆ ಮೀರಿದ್ದು. ತಂದೆ ತಾಯಿಯರಲ್ಲಿ ಒಬ್ಬರಿಗೆ ರೋಗವಿದ್ದರೆ ಮಗುವಿಗೆ ಬರುವ ಸಾಧ್ಯತೆ ಶೇಕಡ 10ರಿಂದ 15ರ ಆಸುಪಾಸು ಎಂಬುದು ಸಾಮಾನ್ಯ ಅಂದಾಜು. ಅಂದರೆ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ನಾಗದೋಷಕ್ಕೆ ಹರಕೆ ಹೊರುವವರ ಶ್ರದ್ಧೆಯನ್ನು ನೋಯಿಸುವ ಅಗತ್ಯ ನನಗೆ ಕಾಣುವುದಿಲ್ಲ. ಹರಕೆಯ ಜೊತೆ ಮಾತ್ರೆಯೂ ನಡೆಯಲಿ ಎಂಬುದಷ್ಟೇ ಕೋರಿಕೆ. ಆದರೆ ಮೈಯುಜ್ಜುವ, ನೆಲದಲ್ಲಿ ಉರುಳುವ ಸೇವೆಗಳಲ್ಲಿ ಒಂದು ಎಚ್ಚರ ಬೇಕು. ತರಚಿದ ಜಾಗದಲ್ಲೇ ಹೊಸ ಚಕ್ಕೆ ಏಳುವುದು ಈ ರೋಗದ ಲಕ್ಷಣ, ಹತ್ತೊಂಬತ್ತನೇ ಶತಮಾನದಲ್ಲಿ ಅದನ್ನು ಗುರುತಿಸಿದ ಕೋಬ್ನರ್ ಹೆಸರಿನಲ್ಲೇ ಅದು ಪ್ರಸಿದ್ಧ.

ಇದು ಬರೀ ಚರ್ಮದ ಕಾಯಿಲೆ, ಬಟ್ಟೆಯಿಂದ ಮುಚ್ಚಿಕೊಂಡರಾಯಿತು ಎಂಬ ಕೊನೆಯ ನಂಬಿಕೆಯನ್ನೂ ಬಿಡಬೇಕು. ಸೋರಿಯಾಸಿಸ್ ಇರುವವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಿನವರೆಗೂ ಕೀಲುರೋಗ ಕಾಣಿಸಿಕೊಳ್ಳಬಹುದು, ಸಾಮಾನ್ಯವಾಗಿ ಚಕ್ಕೆಗಳು ಬಂದು ಕೆಲವು ವರ್ಷಗಳಾದ ಮೇಲೆ. ತಡಮಾಡಿದರೆ ಬೆರಳ ಗೆಣ್ಣುಗಳು ಸೊಟ್ಟಗಾಗುತ್ತವೆ, ಆ ಹಾನಿಯನ್ನು ಯಾವ ಔಷಧವೂ ಹಿಂದಕ್ಕೆ ತರಲಾರದು. ಉಗುರಿನ ಮೇಲೆ ಸೂಜಿಮೊನೆಯಿಂದ ಚುಚ್ಚಿದಂಥ ಸಣ್ಣ ಗುಳಿಗಳು, ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಬಿಡದ ಕೀಲುಗಳ ಬಿಗಿತ, ಇಡೀ ಬೆರಳೇ ಊದಿಕೊಳ್ಳುವುದು, ಕಾರಣವಿಲ್ಲದ ಹಿಮ್ಮಡಿ ನೋವು, ಇವುಗಳಲ್ಲಿ ಯಾವುದಿದ್ದರೂ ವೈದ್ಯರು ಕೇಳುವವರೆಗೆ ಕಾಯದೆ ತಾವೇ ಹೇಳಬೇಕು. ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್, ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇದೆ. ಹೋಗುವಾಗ ಹಳೆಯ ಚೀಟಿ, ಈಗ ಹಚ್ಚುತ್ತಿರುವ ಟ್ಯೂಬು, ನುಂಗುತ್ತಿರುವ ಪುಡಿಯ ಪೊಟ್ಟಣ ಎಲ್ಲವನ್ನೂ ಒಂದು ಚೀಲದಲ್ಲಿ ಒಯ್ಯಿರಿ. ಆ ಪುಡಿಯನ್ನು ಒಮ್ಮೆಲೇ ನಿಲ್ಲಿಸಬೇಕೋ ಮೆಲ್ಲಗೆ ಇಳಿಸಬೇಕೋ ಎಂಬುದನ್ನು ವೈದ್ಯರು ನೋಡಿ ತೀರ್ಮಾನಿಸಬೇಕು.